ತಂಬಾಕಿನ ಧೂಳಿನಿಂದ ಎದ್ದ ನೆನಪು

ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮವಿರುವ ಹುತಾತ್ಮರ ಸ್ಮಾರಕವಿದೆ. ಸ್ವಾತಂತ್ರ್ಯ ಹೋರಾಟದ ನೆನಪಿಗೆ ಊರು ಕೊಟ್ಟ ಕಲ್ಲಿನ ರೂಪ ಅದು. ಆದರೆ ಕೂಲಿಗಾಗಿ, ಮರ್ಯಾದೆಗಾಗಿ ಬೀದಿಗಿಳಿದವರಿಗೆ ಕಲ್ಲು ನೆಡುವವರು ಅಪರೂಪ. ಧರಣಿ ಮುಗಿದು ಶಾಮಿಯಾನ ಬಿಚ್ಚಿದ ಮೇಲೆ ಉಳಿಯುವುದು ಬಾಯಿಮಾತಿನ ನೆನಪು. ಹೇಳುವವರು ಹೋದರೆ ಅದೂ ಹೋಯಿತು.

ಹೀಗೆ ಹೋಗಬಹುದಾಗಿದ್ದ ಒಂದು ನೆನಪನ್ನು ಉಳಿಸಿಕೊಂಡ ಊರು ಬೆಳಗಾವಿ ಜಿಲ್ಲೆಯ ನಿಪ್ಪಾಣಿ. ಹರಪನಹಳ್ಳಿಯ ಹೆಂಗಸರಿಗೆ ಬೀಡಿ ಸುತ್ತುವ ಕೆಲಸ ಹೊಸದಲ್ಲ. ಆ ಬೀಡಿಯೊಳಗೆ ತುಂಬುವ ತಂಬಾಕಿಗೆ ನಿಪ್ಪಾಣಿ ಹೆಸರುವಾಸಿ. ಅಲ್ಲಿನ ಕಾರ್ಖಾನೆಗಳಲ್ಲಿ ತಂಬಾಕು ಕುಟ್ಟಿ, ಜರಡಿ ಹಿಡಿಯುತ್ತಿದ್ದವರು ಹೆಂಗಸರೇ. ಮೂಗು, ಗಂಟಲು ತುಂಬುವ ಧೂಳು, ಅಲ್ಪ ಕೂಲಿ, ಮೇಲಿನವರ ಬೈಗುಳ. ಅವರೆಲ್ಲ ಸಂಘ ಕಟ್ಟಿ ಮುಷ್ಕರ ಹೂಡಿದರು. ಅಸಂಘಟಿತ ಕಾರ್ಮಿಕರ ಅಂದಿನ ದೊಡ್ಡ ಹೋರಾಟಗಳಲ್ಲಿ ಅದೂ ಒಂದು.

1980ರಲ್ಲಿ ದೀಪಾ ಧನರಾಜ್, ಆಭಾ ಭಯ್ಯಾ, ನವರೋಜ್ ಕಾಂಟ್ರಾಕ್ಟರ್, ಮೀರಾ ರಾವ್ ಸೇರಿ 'ಯುಗಾಂತರ್' ಎಂಬ ಚಿತ್ರತಂಡ ಕಟ್ಟಿದ್ದರು. ಈ ತಂಡ ನಿಪ್ಪಾಣಿಗೆ ಬಂದು ಸುಮಾರು ನಾಲ್ಕು ತಿಂಗಳು ಆ ಹೆಂಗಸರ ಜೊತೆ ಕಳೆಯಿತು. ಏನು ತೋರಿಸಬೇಕು, ಹೇಗೆ ತೋರಿಸಬೇಕು ಎಂಬ ಚರ್ಚೆಯಲ್ಲಿ ಕಾರ್ಮಿಕರೂ ಕುಳಿತರು. ಆಗಿಹೋದ ಘಟನೆಗಳನ್ನು ಅವರೇ ಮತ್ತೆ ನಟಿಸಿದರು. 1982ರಲ್ಲಿ ಸಿದ್ಧವಾದ ಈ ಮರಾಠಿ ಸಾಕ್ಷ್ಯಚಿತ್ರದ ಹೆಸರು 'ತಂಬಾಕು ಚಾಕಿಲಾ ಊಬ್ ಆಲಿ'.

ಮತ್ತೆ ನಟಿಸಿದ್ದು ಸಾಕ್ಷ್ಯ ಹೇಗಾದೀತು ಎಂದು ಕೇಳಬಹುದು. ಪ್ರಶ್ನೆ ಸರಿಯೇ. ಆದರೆ ಕಾರ್ಖಾನೆಯ ಒಳಗೆ ಬೈಗುಳ ಬಿದ್ದ ದಿನ ಕ್ಯಾಮೆರಾ ಇರಲಿಲ್ಲ; ಅನುಭವಿಸಿದವರು ಇದ್ದರು. ನಡೆದದ್ದು ಹೀಗೆಯೇ ಎಂದು ಹತ್ತಾರು ಮಂದಿ ಕೂಡಿ ತೋರಿಸಿದಾಗ ಅದು ಒಬ್ಬರ ಹೇಳಿಕೆಯಾಗಿ ಉಳಿಯುವುದಿಲ್ಲ, ಸಮುದಾಯದ ನೆನಪಾಗುತ್ತದೆ.

ಅಂದು ಚಿತ್ರ ತೆಗೆಯುವುದು ದುಬಾರಿ ಕೆಲಸ. 16 ಮಿ.ಮೀ. ಫಿಲ್ಮಿನ ಒಂದು ಅಡಿಗೆ 40 ಚೌಕಟ್ಟು. ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ. ಅಂದರೆ 400 ಅಡಿಯ ಸುರುಳಿ ಹನ್ನೊಂದು ನಿಮಿಷಕ್ಕೆ ಖಾಲಿ. ಹೀಗಾಗಿ ಕ್ಯಾಮೆರಾ ಚಾಲೂ ಮಾಡುವ ಮೊದಲೇ ಯೋಚಿಸಬೇಕಿತ್ತು. ಸೆಕೆ, ತೇವ ತಗುಲಿದರೆ ಫಿಲ್ಮು ಕೆಡುತ್ತದೆ. ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ ಯುಗಾಂತರ್ ಚಿತ್ರಗಳನ್ನು ಡಿಜಿಟಲ್ ರೂಪದಲ್ಲಿ ಪುನರುಜ್ಜೀವಗೊಳಿಸಿದ್ದರಿಂದ ಇಂದಿನವರೂ ಅವನ್ನು ನೋಡುವಂತಾಗಿದೆ.

ಈಗ ಕೊಟ್ಟೂರಿನಲ್ಲಾಗಲಿ ಹಡಗಲಿಯಲ್ಲಾಗಲಿ ಮೆರವಣಿಗೆ ಹೊರಟರೆ ಹತ್ತು ಮೊಬೈಲುಗಳು ಮೇಲೇಳುತ್ತವೆ. ಸುರುಳಿಯ ಖರ್ಚಿಲ್ಲ, ಪತ್ರಕರ್ತನಿಗಾಗಿ ಕಾಯಬೇಕಿಲ್ಲ. ಆದರೆ ವಾಟ್ಸ್‌ಆ್ಯಪಿನಲ್ಲಿ ಸಾಗಿದ ವಿಡಿಯೊ ಹಿಂಡಿಹೋಗುತ್ತದೆ. ತೆಗೆದ ದಿನ, ಸ್ಥಳದ ಗುರುತೂ ಕಳಚಿಹೋಗುತ್ತದೆ. ಐದು ವರ್ಷದ ನಂತರ ನೋಡಿದವರಿಗೆ ಅದು ಯಾವುದೋ ಊರಿನ ಯಾವುದೋ ಗಲಾಟೆ. ಬೇರೆ ಊರಿನ ಹೆಸರು ಅಂಟಿಸಿ ಸುಳ್ಳು ಹಬ್ಬಿಸಲೂ ಸುಲಭ.

ಇದಕ್ಕೆ ಮದ್ದು ಕಷ್ಟದ್ದೇನಲ್ಲ. ಚಿತ್ರ ತೆಗೆದವರು ದಿನಾಂಕ, ಊರು, ಬೇಡಿಕೆ ಏನಿತ್ತು, ಕೊನೆಗೆ ಏನಾಯಿತು ಎಂಬುದನ್ನು ಬರೆದಿಡಬೇಕು. ಮಾತಾಡಿದವರ ಹೆಸರನ್ನು ಅವರ ಒಪ್ಪಿಗೆ ಪಡೆದೇ ಸೇರಿಸಬೇಕು. ಮೂಲ ಪ್ರತಿಯನ್ನು ಎರಡು ಕಡೆ ಜೋಪಾನ ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೋರಾಡಿದವರನ್ನೇ ಕೂಡಿಸಿ ತೋರಿಸಬೇಕು: ತಪ್ಪಿದ್ದರೆ ಅವರೇ ತಿದ್ದುತ್ತಾರೆ, ಬಿಟ್ಟುಹೋದದ್ದನ್ನು ಅವರೇ ಸೇರಿಸುತ್ತಾರೆ. ಕಂಡದ್ದನ್ನು ಹಿಡಿಯಲು ಯಂತ್ರ ಸಾಕು. ಅದು ಯಾರ ಕಥೆ ಎಂದು ಹೇಳಲು ಮನುಷ್ಯರೇ ಬೇಕು.