ಉದ್ದಿನ ಬೇರುಗಂಟಿಗೆ ಉಣಿಸುವ ವಿದ್ಯೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯಲ್ಲಿ ಏಣೆಲು (ಮಳೆಗಾಲದ) ಭತ್ತದ ಕೊಯ್ಲು ಮುಗಿದ ಗದ್ದೆಗೆ ಉದ್ದು, ಹೆಸರು ಬಿತ್ತುವುದು ಹಳೆಯ ರೂಢಿ. ಆಗ ಮಳೆ ಹಿಂದೆ ಸರಿದಿರುತ್ತದೆ, ನೀರು ಹಾಯಿಸುವ ಮಾತಿಲ್ಲ. ನೆಲದಲ್ಲಿ ಉಳಿದ ತೇವ ಮತ್ತು ರಾತ್ರಿಯ ಇಬ್ಬನಿಯೇ ಬಂಡವಾಳ. ತೇವ ಹೆಚ್ಚಿದ್ದರೆ ಬೀಜ ಕೊಳೆಯುತ್ತದೆ, ನಾಲ್ಕು ದಿನ ತಡವಾದರೆ ಮೊಳೆಯುವುದಿಲ್ಲ. ಹಿಡಿಮಣ್ಣನ್ನು ಅಮುಕಿ ನೋಡಿಯೇ ಬಿತ್ತನೆಯ ದಿನ ಗೊತ್ತುಮಾಡುವ ಹಿರಿಯರ ಅಂದಾಜು ನನಗೆ ದೊಡ್ಡ ವಿದ್ಯೆಯಾಗಿಯೇ ಕಾಣುತ್ತದೆ.

ಇನ್ನು ಗೊಬ್ಬರ. ಉದ್ದಿನ ಕಾಳಿನಲ್ಲಿ ನೂರಕ್ಕೆ ಸುಮಾರು 24 ಪಾಲು ಪ್ರೋಟೀನು. ಪ್ರೋಟೀನಿನಲ್ಲಿ ಸುಮಾರು 16 ಪಾಲು ಸಾರಜನಕ. ಹಾಗಾದರೆ ಯೂರಿಯಾ ಸುರಿದರೆ ಆಯಿತಲ್ಲ ಎನಿಸಬಹುದು. ಆಗದು. ಉದ್ದು ತನ್ನ ಸಾರಜನಕದ ಬಹುಪಾಲನ್ನು ಗಾಳಿಯಿಂದ ಪಡೆಯುತ್ತದೆ. ಹಿಡಿದುಕೊಡುವುದು ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ. ಜರ್ಮನಿಯ ವಿಜ್ಞಾನಿ ಹೆಲ್‌ರೀಗೆಲ್ ದ್ವಿದಳ ಗಿಡಗಳ ಈ ಗುಟ್ಟನ್ನು 1886ರಲ್ಲಿ ಬಿಡಿಸಿ ಹೇಳಿದರು. ಹೂಬಿಡುವ ಹೊತ್ತಿಗೆ ಗಿಡವೊಂದನ್ನು ಮೆಲ್ಲಗೆ ಕಿತ್ತು ಗಂಟನ್ನು ಉಗುರಿನಿಂದ ಸೀಳಿ ನೋಡಬೇಕು. ಒಳಗೆ ಕೆಂಪುಛಾಯೆ ಇದ್ದರೆ ಅದು ದುಡಿಯುತ್ತಿದೆ. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬಳಗದ್ದೇ ಬಣ್ಣ ಅದು! ಯೂರಿಯಾ ಅತಿಯಾದರೆ ಗಂಟು ಕಟ್ಟುವುದೇ ಕಡಿಮೆಯಾಗುತ್ತದೆ. ಸಿದ್ಧ ಊಟ ಸಿಕ್ಕ ಗಿಡ ಬ್ಯಾಕ್ಟೀರಿಯಾಗಳನ್ನು ಸಾಕುವುದಿಲ್ಲ.

ಆದ್ದರಿಂದ ಉಣಿಸಬೇಕಾದದ್ದು ಗಂಟುಗಳಿಗೆ. ಅವುಗಳ ದುಡಿಮೆಗೆ ಬೇಕಾದ ಶಕ್ತಿ ರಂಜಕವಿಲ್ಲದೆ ಹರಿಯದು. ನಮ್ಮ ಮುರಕಲ್ಲು ಮಣ್ಣಿನ ತೊಡಕು ಇಲ್ಲೇ ಇದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದು ಮಣ್ಣನ್ನು ಹುಳಿ ಮಾಡಿದೆ. ಉಳಿದ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಬಿಗಿಹಿಡಿದು ಬೇರಿಗೆ ಬಿಡುವುದಿಲ್ಲ. ಗಂಟಿಗೆ ಚೂರೇ ಚೂರು ಬೇಕಾದ ಮಾಲಿಬ್ಡಿನಂ ಕೂಡ ಹುಳಿಮಣ್ಣಿನಲ್ಲಿ ದಕ್ಕುವುದು ಕಷ್ಟ. ಒಲೆಬೂದಿ, ಹಟ್ಟಿಗೊಬ್ಬರ ಹಾಕುತ್ತಿದ್ದ ಹಿರಿಯರು ಹುಳಿ ತಗ್ಗಿಸಿ, ಪೊಟ್ಯಾಷ್ ಕೊಟ್ಟು, ರಂಜಕದ ಬಿಗಿಯನ್ನೂ ಸಡಿಲಿಸುತ್ತಿದ್ದರು.

ಈಗ ಸೂಪರ್ ಫಾಸ್ಫೇಟ್ ಇದೆ. ಅದನ್ನು ಚೆಲ್ಲದೆ ಸಾಲಿನಲ್ಲಿ, ಬೀಜದ ಪಕ್ಕದಲ್ಲಿ ಇಟ್ಟರೆ ಮಣ್ಣಿನ ಹಿಡಿತಕ್ಕೆ ಸಿಗುವುದು ಕಡಿಮೆ. ಅದರಲ್ಲಿರುವ ಗಂಧಕ ಮತ್ತೊಂದು ಲಾಭ: ಬೇಳೆಯ ಪ್ರೋಟೀನಿನಲ್ಲಿ ಕೊರತೆಯಾಗಿರುವ ಮೆಥಿಯೊನಿನ್ ಕಟ್ಟಲು ಗಂಧಕ ಬೇಕು. ಬೂದಿಯನ್ನೂ ಫಾಸ್ಫೇಟನ್ನೂ ಮಾತ್ರ ಒಟ್ಟಿಗೆ ಕಲಸಬಾರದು, ಕರಗುವ ರಂಜಕ ಕರಗದಂತಾಗುತ್ತದೆ. ಬೂದಿ ಉಳುವಾಗ, ಫಾಸ್ಫೇಟ್ ಬಿತ್ತುವಾಗ. ಹೂ ಕಟ್ಟುವಾಗ ತೇವ ಆರಿ ಬೇರು ಸೋತಿದ್ದರೆ, ನೂರು ಲೀಟರ್ ನೀರಿಗೆ 2 ಕಿಲೋ ಡಿಎಪಿ ಕರಗಿಸಿ, ತಿಳಿಯನ್ನು ಎಲೆಗೆ ಸಿಂಪಡಿಸಬಹುದು. ಕಾಯಿ ಬಲಿಯುವಾಗ ಎಲೆ ಹಳದಿಯಾದರೆ ಗಾಬರಿ ಬೇಡ. ಎಲೆಯಲ್ಲಿದ್ದ ಸಾರಜನಕ ಕಾಳಿಗೆ ಇಳಿಯುತ್ತಿದೆ ಎಂದರ್ಥ.

ಅಡಿಕೆ ತೋಟಗಳ ನಡುವೆ ಗದ್ದೆ ಉಳಿಸಿಕೊಂಡವರು ಈ ಸಲ ಕೊಯ್ಲಿನ ನಂತರ ಒಂದು ಮೂಲೆಯಲ್ಲಾದರೂ ಉದ್ದು ಬಿತ್ತಿ. ಅದಕ್ಕೂ ಮೊದಲು ಮಣ್ಣು ಪರೀಕ್ಷೆ ಮಾಡಿಸಿಕೊಳ್ಳಿ.