ಗಾಳಿಯನ್ನು ಹಿಡಿಯುವ ಪಾತ್ರೆ

‘ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಂಡ ಹಾಗೆ’ ಎಂಬುದು ವ್ಯರ್ಥ ಪ್ರಯತ್ನವನ್ನು ಕುರಿತು ನಮ್ಮ ಹಿರಿಯರು ಆಡಿದ ಮಾತು. ಗಾಳಿಯನ್ನು ಹಿಡಿದು, ಅದರಲ್ಲಿ ಏನೇನು ಬೆರೆತಿದೆಯೆಂದು ತೂಗಿ ನೋಡುವುದು ಇಂದು ವ್ಯರ್ಥವೂ ಅಲ್ಲ, ಅಸಾಧ್ಯವೂ ಅಲ್ಲ. ಆದರೆ ಯಾವ ಪಾತ್ರೆಯಲ್ಲಿ ಹಿಡಿಯಬೇಕು ಎಂಬ ಪ್ರಶ್ನೆ ಉಳಿಯುತ್ತದೆ.

ಪೆಟ್ರೋಲ್ ಬಂಕಿನಲ್ಲಿ, ಹೊಸದಾಗಿ ಬಣ್ಣ ಬಳಿದ ಮನೆಯಲ್ಲಿ ಮೂಗಿಗೆ ಬಡಿಯುವ ವಾಸನೆ ನಮಗೆಲ್ಲ ಪರಿಚಿತ. ಸಾಮಾನ್ಯ ಉಷ್ಣತೆಯಲ್ಲಿಯೇ ಆವಿಯಾಗುವ ಇಂಥ ಇಂಗಾಲದ ದ್ರವ್ಯಗಳಿಗೆ ಬಾಷ್ಪಶೀಲ ಸಾವಯವ ಸಂಯುಕ್ತಗಳೆಂದು ಹೆಸರು. ಇವುಗಳಲ್ಲಿ ಒಂದಾದ ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲದು. 2009ರಲ್ಲಿ ಭಾರತವು ಗೊತ್ತುಪಡಿಸಿದ ಮಾನದಂಡದಂತೆ ಒಂದು ಘನಮೀಟರ್ ಗಾಳಿಯಲ್ಲಿ ಅದರ ವಾರ್ಷಿಕ ಸರಾಸರಿ 5 ಮೈಕ್ರೋಗ್ರಾಂ ಮೀರಕೂಡದು. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಇಷ್ಟು ಅಲ್ಪವಾದುದನ್ನು ಮೂಗು ಅಳೆಯಲಾರದು, ಉಪಕರಣವೇ ಬೇಕು.

ಉಪಕರಣಗಳು ಹಲವು ಬಗೆ. ಮೊದಲನೆಯದು, ಒಳಗಿನ ಗಾಳಿಯನ್ನೆಲ್ಲ ತೆಗೆದಿಟ್ಟ ಉಕ್ಕಿನ ಡಬ್ಬಿ. ಬಿರಡೆ ತಿರುಗಿಸಿದೊಡನೆ ಹೊರಗಿನ ಗಾಳಿ ತಾನಾಗಿ ಒಳನುಗ್ಗುತ್ತದೆ. ಬಾಯಿಗೆ ತಡೆಯೊಂದನ್ನು ಜೋಡಿಸಿದರೆ ಇಪ್ಪತ್ತನಾಲ್ಕು ಗಂಟೆಗಳ ಕಾಲ ನಿಧಾನವಾಗಿ ತುಂಬುತ್ತದೆ. ಎರಡನೆಯದು, ಸಕ್ರಿಯ ಇದ್ದಿಲಿನಂಥ ಹೀರುಪುಡಿ ತುಂಬಿದ ಕೊಳವೆ. ಕಾರ್ಮಿಕನ ಅಂಗಿಯ ಕೊರಳಿಗೆ ಇದನ್ನು ಸಿಕ್ಕಿಸಿ, ನಿಮಿಷಕ್ಕೆ 200 ಮಿಲಿಲೀಟರಿನಂತೆ ಪಂಪು ಎಳೆದರೆ, ಎಂಟು ಗಂಟೆಯ ಪಾಳಿಯಲ್ಲಿ 96 ಲೀಟರ್ ಗಾಳಿ ಅದರ ಮೂಲಕ ಹಾದುಹೋಗುತ್ತದೆ. ಮೂರನೆಯದಕ್ಕೆ ಪಂಪೂ ಬೇಡ. ಆವಿಯು ತಾನಾಗಿಯೇ ಹರಡಿ ಬಂದು ಪುಡಿಗೆ ಅಂಟುವಂತೆ ಕೊಳವೆಯನ್ನು ದಿನಗಟ್ಟಲೆ ತೂಗುಹಾಕಿದರಾಯಿತು. ನಾಲ್ಕನೆಯದು ಕೈಯಲ್ಲಿ ಹಿಡಿದೊಡನೆ ಅಂಕಿ ತೋರಿಸುವ ಯಂತ್ರ. ಆದರೆ ಅದು ತಾನು ಗುರುತಿಸಬಲ್ಲ ಆವಿಗಳ ಒಟ್ಟು ಮೊತ್ತವನ್ನು ಹೇಳುತ್ತದೆಯೇ ಹೊರತು, ಅದರಲ್ಲಿ ಬೆಂಜೀನ್ ಎಷ್ಟೆಂದು ಬಿಡಿಸಿ ಹೇಳುವುದಿಲ್ಲ.

ಇವುಗಳಲ್ಲಿ ಯಾವುದು ಉತ್ತಮ? ಉತ್ತರವಾಗಿ ಒಂದು ಊರಿನ ಕಥೆಯನ್ನು ಹೇಳುತ್ತೇನೆ. ಅಮೆರಿಕದ ಲೂಸಿಯಾನ ರಾಜ್ಯದ ನಾರ್ಕೊ ಎಂಬಲ್ಲಿ, ಶೆಲ್ ಕಂಪನಿಯ ರಾಸಾಯನಿಕ ಕಾರ್ಖಾನೆಯ ಬೇಲಿಗೆ ಹೊಂದಿಕೊಂಡು, ಆಫ್ರಿಕನ್ ಅಮೆರಿಕನ್ನರು ವಾಸಿಸುತ್ತಿದ್ದ ಡೈಮಂಡ್ ಎಂಬ ಬಡಾವಣೆಯಿತ್ತು. ಅಲ್ಲಿನ ಶಾಲಾ ಶಿಕ್ಷಕಿ ಮಾರ್ಜಿ ರಿಚರ್ಡ್ ಮತ್ತು ನೆರೆಹೊರೆಯವರು 1990ರ ದಶಕದ ಕೊನೆಯಲ್ಲಿ ಸಾಮಾನ್ಯ ಪ್ಲಾಸ್ಟಿಕ್ ಬಕೆಟ್ಟನ್ನೇ ಉಪಕರಣವಾಗಿಸಿಕೊಂಡರು. ಮುಚ್ಚಳ ಬಿಗಿದ ಬಕೆಟ್ಟಿನೊಳಗೊಂದು ಶುದ್ಧವಾದ ಚೀಲ. ಬಕೆಟ್ಟಿನ ಗಾಳಿಯನ್ನು ಹೊರಗೆಳೆದರೆ ಚೀಲದೊಳಕ್ಕೆ ಊರಿನ ಗಾಳಿ ತುಂಬಿಕೊಳ್ಳುತ್ತದೆ. ವಾಸನೆ ಹಬ್ಬಿದಾಗ ಹಿಡಿದ ಈ ಗಾಳಿ ಪ್ರಯೋಗಾಲಯದಲ್ಲಿ ಮಾತನಾಡಿತು.

ಆಗ ಬಂದ ಆಕ್ಷೇಪವೇನು? ಮಾನದಂಡಗಳು ದೀರ್ಘಾವಧಿಯ ಸರಾಸರಿಗೆ ಸಂಬಂಧಿಸಿದವು. ಕೆಲವು ನಿಮಿಷಗಳ ಗಾಳಿಯನ್ನು ಅವುಗಳಿಗೆ ಹೋಲಿಸುವುದು ಹೇಗೆ? ಆಕ್ಷೇಪ ಸುಳ್ಳಲ್ಲ. ಆದರೆ ಅದರ ಇನ್ನೊಂದು ಮುಖವೂ ಅಷ್ಟೇ ನಿಜ: ಒಂದು ರಾತ್ರಿ ಉಸಿರು ಕಟ್ಟಿಸಿದ ವಿಷವು ವರ್ಷದ ಸರಾಸರಿಯಲ್ಲಿ ಕರಗಿಹೋಗಬಹುದು. ಒಂದು ಸಾಲನ್ನು ಓದಿ ಕಾವ್ಯವನ್ನೆಲ್ಲ ಅಳೆಯಲಾಗದು. ಹಾಗೆಂದು ಕಾವ್ಯದ ಸಾರಾಂಶದಲ್ಲಿ ಆ ಸಾಲು ಸಿಕ್ಕುವುದೂ ಇಲ್ಲ.

ಡೈಮಂಡಿನ ಮನೆಗಳನ್ನು ಕೊಳ್ಳಲು ಕಂಪನಿಯು 2002ರಲ್ಲಿ ಒಪ್ಪಿತು. 2004ರಲ್ಲಿ ರಿಚರ್ಡ್ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಸಂದಿತು. 2015ರಲ್ಲಿ ಅಮೆರಿಕ ಸರ್ಕಾರವು ತೈಲ ಶುದ್ಧೀಕರಣಾಗಾರಗಳ ಬೇಲಿಯುದ್ದಕ್ಕೂ ಪಂಪಿಲ್ಲದ ಕೊಳವೆಗಳನ್ನು ಎರಡೆರಡು ವಾರ ತೂಗುಹಾಕಬೇಕೆಂದು ನಿಯಮ ಮಾಡಿತು. ಅವು ತೋರಿಸುವ ಅತಿ ಹೆಚ್ಚು ಮತ್ತು ಅತಿ ಕಡಿಮೆ ಬೆಂಜೀನ್ ಅಳತೆಗಳ ಅಂತರದ ವಾರ್ಷಿಕ ಸರಾಸರಿ ಘನಮೀಟರಿಗೆ 9 ಮೈಕ್ರೋಗ್ರಾಂ ಮೀರಿದರೆ, ಕಾರಣವನ್ನು ಹುಡುಕಿ ಸರಿಪಡಿಸುವುದು ಕಾರ್ಖಾನೆಯ ಹೊಣೆ. ಸರಾಸರಿಯನ್ನು ಹೇಳುವುದಕ್ಕೆ ಈ ಕೊಳವೆ ತಕ್ಕುದು. ಒಂದು ರಾತ್ರಿಯ ಸಾಕ್ಷ್ಯ ಹೇಳುವುದಕ್ಕೆ ಬಕೆಟ್ಟೇ ತಕ್ಕುದು.

ಆದುದರಿಂದ ಉಪಕರಣವನ್ನು ಆರಿಸುವ ಮುನ್ನ ಪ್ರಶ್ನೆಯನ್ನು ಆರಿಸಬೇಕು. ಯಾವ ದ್ರವ್ಯ? ಕ್ಷಣದ್ದೋ, ದಿನದ್ದೋ, ವರ್ಷದ್ದೋ? ಬೇಲಿಯ ಬಳಿಯದೋ, ದುಡಿಯುವವನ ಮೂಗಿನ ಬಳಿಯದೋ? ಜೊತೆಗೆ ಬಳಸದ ಪಾತ್ರೆಯೊಂದನ್ನೂ ಒಯ್ದು, ಹಾಗೆಯೇ ಮರಳಿ ತಂದು ಪರೀಕ್ಷಿಸಬೇಕು. ಕೊಳೆ ಗಾಳಿಯದೋ ಪಾತ್ರೆಯದೋ ಎಂಬುದು ಆಗ ತಿಳಿಯುತ್ತದೆ. ‘ಅಳತೆ ಮಾಡಿದ್ದೇವೆ, ಏನೂ ಇಲ್ಲ’ ಎಂದು ಯಾರಾದರೂ ನಮ್ಮ ಮುಂದೆ ವರದಿಯಿಟ್ಟರೆ, ಯಾವ ಪಾತ್ರೆಯಲ್ಲಿ, ಎಷ್ಟು ಹೊತ್ತು ಹಿಡಿದಿರಿ ಎಂದು ಕೇಳಲು ನಾವು ವಿಜ್ಞಾನಿಗಳಾಗಿರಬೇಕಾದ ಅಗತ್ಯವಿಲ್ಲ. ಉಸಿರಾಡುವವರಾಗಿದ್ದರೆ ಸಾಕು.