ವಾರ್ಡ್ ಸಮಿತಿಯ ಹುಟ್ಟೂರು ಮಂಡೂರು

ಬೆಂಗಳೂರಿನ ವಾರ್ಡ್ ಸಮಿತಿಗಳ ಹುಟ್ಟೂರು ಯಾವುದೆಂದು ಕೇಳಿದರೆ ನಾನು ವಿಧಾನಸೌಧದತ್ತ ಕೈ ತೋರಿಸುವುದಿಲ್ಲ, ಮಂಡೂರಿನ ಹೆಸರು ಹೇಳುತ್ತೇನೆ. ನಗರದ ಪೂರ್ವದ ಅಂಚಿನಲ್ಲಿರುವ ಈ ಹಳ್ಳಿಗೆ ನಮ್ಮ ಮನೆಗಳ ಕಸ ಲಾರಿಗಟ್ಟಲೆ ಹೋಗಿ ಬೀಳುತ್ತಿತ್ತು. 2012ರಲ್ಲಿ ಮಾವಳ್ಳಿಪುರದ ಕಸದ ಗುಂಡಿಗೆ ಬೀಗ ಬಿತ್ತು. ಹೊರೆ ಮಂಡೂರಿನ ಮೇಲೆ ಬಂದಾಗ ಅಲ್ಲಿಯ ಜನ ಬೀದಿಗಿಳಿದರು. ನಗರದ ಮೂಲೆ ಮೂಲೆಯಲ್ಲಿ ಕಸ ರಾಶಿಯಾಗಿ ನಾರತೊಡಗಿತು.

ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಹಸಿ ಕಸ, ಒಣ ಕಸ ಮನೆಯಲ್ಲೇ ಬೇರೆಯಾಗಬೇಕು, ವಾರ್ಡಿನ ಹೊಣೆ ಹೊರಲು ಅಲ್ಲಿಯ ನಿವಾಸಿಗಳೇ ಇರುವ ಸಮಿತಿ ಬೇಕು ಎಂಬ ಮಾತಿಗೆ ಅಲ್ಲಿ ಬಲ ಬಂತು.

ಕಾನೂನು ಅದಕ್ಕೂ ಬಹಳ ಮೊದಲೇ ಇತ್ತು. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದಿತು. ಆದರೆ ಹಲವು ವಾರ್ಡ್‌ಗಳಿಗೆ ಸೇರಿ ಒಂದೇ ಸಮಿತಿಯಾದರೂ ಆದೀತು ಎಂಬ ಸಡಿಲಿಕೆಯೂ ಅದರಲ್ಲಿತ್ತು. ಬೀದಿಯ ದನಿ ಅಷ್ಟು ದೂರ ಮುಟ್ಟಲಿಲ್ಲ. 2001ರಲ್ಲಿ ಶುರುವಾದ ‘ಜನಾಗ್ರಹ’ ಸಂಸ್ಥೆ, ವಾರ್ಡಿನ ಕಾಮಗಾರಿಗಳಲ್ಲಿ ಯಾವುದು ಮೊದಲಾಗಬೇಕೆಂದು ನಿವಾಸಿಗಳೇ ಪಟ್ಟಿ ಮಾಡುವ ರೂಢಿ ಬೆಳೆಸಲು ಹೊರಟಿತು. ಪ್ರತಿ ವಾರ್ಡಿಗೂ ಒಂದು ಸಮಿತಿ ಎಂಬುದು ರಾಜ್ಯದ ಕಾಯ್ದೆಗೆ ಸೇರಿದ್ದು 2011ರಲ್ಲಿ, ನಿಯಮಗಳು ಬಂದಿದ್ದು 2016ರಲ್ಲಿ.

ಆ ಕಾಯ್ದೆಯ ಸಮಿತಿಗೆ ಕಾರ್ಪೊರೇಟರ್ ಅಧ್ಯಕ್ಷರಾಗಿದ್ದರು, ಜೊತೆಗೆ ಹತ್ತು ಸದಸ್ಯರಿದ್ದರು. ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ–ಪಂಗಡದವರು, ಇಬ್ಬರು ನಿವಾಸಿಗಳ ಸಂಘಗಳ ಪ್ರತಿನಿಧಿಗಳು. ತಿಂಗಳಿಗೊಂದು ಸಭೆ. ಕಸ, ಬೀದಿದೀಪ, ನೀರಿನ ಮೇಲೆ ನಿಗಾ ಇಡುವುದಷ್ಟೇ ಅಲ್ಲ, ವಾರ್ಡಿನ ಅಭಿವೃದ್ಧಿ ಯೋಜನೆ ಬರೆಯುವ ಕೆಲಸವೂ ಇವರದೇ.

ಈ ಕೊನೆಯ ಕೆಲಸವೇ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಮಳೆ ಬಂದಾಗ ಯಾವ ತಿರುವಿನಲ್ಲಿ ಮೋರಿ ಉಕ್ಕುತ್ತದೆ ಎಂಬುದು ನಕ್ಷೆಯಲ್ಲಿ ಇರುವುದಿಲ್ಲ. ಅಲ್ಲೇ ಗಾಡಿ ನಿಲ್ಲಿಸಿ ಇಸ್ತ್ರಿ ಮಾಡುವವರಿಗೆ ಗೊತ್ತು, ನಸುಕಿನಲ್ಲೇ ಬಂದು ಬೀದಿ ಗುಡಿಸುವ ಪೌರಕಾರ್ಮಿಕರಿಗೆ ಗೊತ್ತು. ಸ್ವಂತ ಮನೆಯವರ ಸಂಘಗಳಷ್ಟೇ ಮಾತಾಡಿ ಎದ್ದುಹೋದರೆ ಬಾಡಿಗೆಯವರ, ಕೊಳೆಗೇರಿಯವರ ಕಷ್ಟ ಯೋಜನೆಯೊಳಗೆ ಬರುವುದೇ ಇಲ್ಲ.

2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿಯಿತು. ಕಾರ್ಪೊರೇಟರ್ ಇಲ್ಲದ ವಾರ್ಡುಗಳಲ್ಲಿ ಸಭೆ ಕರೆಯುವ ಹೊಣೆ ನೋಡಲ್ ಅಧಿಕಾರಿಗಳ ಪಾಲಾಯಿತು. 2025ರ ಸೆಪ್ಟೆಂಬರಿನಲ್ಲಿ ನಗರಕ್ಕೆ ಐದು ಪಾಲಿಕೆಗಳಾದವು, ಬಳಿಕ ವಾರ್ಡುಗಳ ಗಡಿಯೂ ಬದಲಾಯಿತು. ಗಡಿ ಎಲ್ಲಿಯೇ ಬೀಳಲಿ, ಸಭೆಯ ಕುರ್ಚಿಗಳು ಖಾಲಿ ಉಳಿಯಬಾರದು.

ಮಂಡೂರಿಗೆ ಕಸ ಹೋಗುವುದು 2014ರ ಕೊನೆಗೆ ನಿಂತಿತು. ನಮ್ಮ ಬೀದಿಯ ಹೊಣೆಯನ್ನು ನಾವೇ ಹೊರದೆ ಹೋದಾಗ ಅದು ಯಾರ ಹಿತ್ತಲಿಗೆ ಹೋಗಿ ಬೀಳುತ್ತದೆ ಎಂಬುದನ್ನು ಆ ಊರು ಉಸಿರು ಕಟ್ಟಿ ಬದುಕಿ ತೋರಿಸಿತು. ತಿಂಗಳಿಗೊಂದು ಸಭೆಗೆ ಹೋಗಿ ಕೂರುವುದು ಆ ಊರಿಗೆ ನಾವು ತೀರಿಸಬೇಕಾದ ಋಣ.